ಚಿಕುನ್‌ಗುನ್ಯಾ ಆದ ಮೇಲೆ ಮತ್ತೆ ಬೆಟ್ಟ ಹತ್ತುವುದು ಯಾವಾಗ?

ಪ್ರಶ್ನೆ: ಡಾಕ್ಟ್ರೇ, ನನಗೆ 44 ವರ್ಷ, ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಮೊದಲೆಲ್ಲ ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ಎರಡು ತಿಂಗಳ ಹಿಂದೆ ಚಿಕುನ್‌ಗುನ್ಯಾ ಬಂತು. ಜ್ವರ ವಾರದೊಳಗೆ ಬಿಟ್ಟಿತು. ಆದರೆ ಬೆಳಗ್ಗೆ ಎದ್ದಾಗ ಮಣಿಕಟ್ಟು, ಪಾದದ ಕೀಲು ಎಲ್ಲ ಬಿಗಿ, ಪೇಸ್ಟಿನ ಮುಚ್ಚಳ ತಿರುಗಿಸುವುದೂ ಕಷ್ಟ. ಮೊನ್ನೆ ಭಾನುವಾರ ಸ್ವಲ್ಪ ಹುಷಾರು ಅನಿಸಿತು ಅಂತ ಬೆಟ್ಟದ ಮೆಟ್ಟಿಲ ದಾರಿಯ ನಂದಿ ವಿಗ್ರಹದವರೆಗೆ ಹತ್ತಿ ಇಳಿದೆ. ಆವತ್ತು ಏನೂ ಆಗಲಿಲ್ಲ. ಮಂಗಳವಾರ ಹಾಸಿಗೆಯಿಂದ ಏಳಲಾಗಲಿಲ್ಲ. ವಾಕಿಂಗ್ ಗೆಳೆಯರು ‘ಬೆವರು ಹರಿಸಿದ್ರೆ ಎಲ್ಲ ಸರಿಹೋಗುತ್ತೆ’ ಅಂತಾರೆ, ಅಮ್ಮ ಮನೆಯಿಂದ ಹೊರಗೆ ಕಾಲಿಡಬೇಡ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರದ್ದೂ ಬೇಡ. ನಿಮ್ಮ ಪತ್ರದಲ್ಲಿ ಮುಖ್ಯವಾದದ್ದು ಆ ಮಂಗಳವಾರ. ಹತ್ತಿದ್ದು ಭಾನುವಾರ, ಪೆಟ್ಟು ಗೊತ್ತಾಗಿದ್ದು ಎರಡು ದಿನ ಬಿಟ್ಟು. ವೈರಲ್ ಕಾಯಿಲೆ ಆದವರು ಮತ್ತೆ ಮತ್ತೆ ಮೋಸ ಹೋಗುವುದು ಇಲ್ಲೇ. ವ್ಯಾಯಾಮ ಮಾಡುವಾಗ ಹುಮ್ಮಸ್ಸು ಇರುತ್ತದೆ, ಮುಗಿಸಿ ಮನೆಗೆ ಬಂದಾಗಲೂ ಚೆನ್ನಾಗೇ ಇರುತ್ತೀರಿ, ಆಮೇಲೆ ಒಂದೆರಡು ದಿನದಲ್ಲಿ ಸುಸ್ತು, ನೋವು ಒಟ್ಟಿಗೆ ಬಂದು ಬೀಳುತ್ತವೆ. ಹಾಗಾಗಿ ಇವತ್ತಿನ ವ್ಯಾಯಾಮ ಸರಿಯಾಯಿತಾ ಇಲ್ಲವಾ ಅಂತ ಇವತ್ತೇ ತೀರ್ಮಾನ ಮಾಡಬೇಡಿ. ಮುಂದಿನ ಎರಡು ಬೆಳಗ್ಗೆ ನೋಡಿ ತೀರ್ಮಾನಿಸಿ. ಎರಡೂ ದಿನ ಎಂದಿನಂತೆ ಎದ್ದರೆ ಅಷ್ಟು ವ್ಯಾಯಾಮ ನಿಮ್ಮ ಮೈಗೆ ಹಿಡಿಸಿದೆ ಅಂತ ಅರ್ಥ. ಬಿಗಿತ ಜಾಸ್ತಿ ಹೊತ್ತು ಉಳಿದರೆ, ಮಧ್ಯಾಹ್ನ ಕಣ್ಣು ಬಿಡಲಾಗದಷ್ಟು ಸುಸ್ತಾದರೆ, ಮುಂದಿನ ಸಲ ಅರ್ಧಕ್ಕೆ ಇಳಿಸಿ.

ಕರ್ನಾಟಕಕ್ಕೆ ಈ ಕಾಯಿಲೆ ಹೊಸದಲ್ಲ. 2006ರಲ್ಲಿ ಅದು ಹಳ್ಳಿಹಳ್ಳಿಗೂ ಹಬ್ಬಿದ್ದನ್ನು ನೋಡಿದವರಿಗೆಲ್ಲ ನೆನಪಿದೆ, ಜ್ವರ ಬಿಟ್ಟು ತಿಂಗಳಾದರೂ ಗೋಡೆ ಹಿಡಿದು ನಡೆಯುತ್ತಿದ್ದವರು ಎಷ್ಟು ಜನ! ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಎಳೆಯುತ್ತದೆ. ನೀವು ಸೋಮಾರಿಯಾಗಿದ್ದೀರಿ ಅಂತ ಯಾರಾದರೂ ಅಂದರೆ ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕೀಲುಗಳಲ್ಲಿ ಉರಿಯೂತ ಇನ್ನೂ ಇದೆ, ಅದು ಬೆವರು ಹರಿಸಿದರೆ ಹೋಗುವಂಥದ್ದಲ್ಲ. ಹಾಗಂತ ಅಮ್ಮ ಹೇಳಿದ ಹಾಗೆ ಮನೆಯಲ್ಲೇ ಕೂತರೆ ಕೀಲು ಇನ್ನೂ ಬಿಗಿಯುತ್ತದೆ, ಸ್ನಾಯು ಕರಗುತ್ತದೆ. ಅಲ್ಪಸ್ವಲ್ಪ ಆಡಿಸುತ್ತಲೇ ಇರಬೇಕು.

ಬೆಳಗ್ಗೆ ಎದ್ದ ತಕ್ಷಣ ಏನೂ ಬೇಡ, ಆಗಲೇ ಬಿಗಿತ ಜಾಸ್ತಿ. ಬಿಸಿನೀರಿನ ಸ್ನಾನ ಆಗಲಿ. ಆಮೇಲೆ ಮಂಚದ ಅಂಚಿನಲ್ಲಿ ಕೂತು ಒಂದು ಕಾಲು ಎತ್ತಿ, ಹೆಬ್ಬೆರಳನ್ನೇ ಬಳಪ ಅಂದುಕೊಂಡು ಗಾಳಿಯಲ್ಲಿ ಅ ಆ ಇ ಈ ಬರೆಯಿರಿ. ಮಂಡಿ ಅಲುಗಬಾರದು, ಪಾದ ಮಾತ್ರ ತಿರುಗಬೇಕು. ‘ಋ’ ಬರೆಯುವ ಹೊತ್ತಿಗೆ ಪಾದದ ಕೀಲು ಎಲ್ಲ ದಿಕ್ಕಿಗೂ ಒಂದು ಸಲ ತಿರುಗಿರುತ್ತದೆ. ನಂತರ ಇನ್ನೊಂದು ಕಾಲು. ಕೈಗೆ, ಬೆಚ್ಚಗಿನ ನೀರಿನ ಬೋಗುಣಿಯೊಳಗೆ ಸ್ಪಂಜು ಹಿಡಿದು ಮೆಲ್ಲಗೆ ಹಿಂಡಿ ಬಿಡಿ. ಇಷ್ಟೇನಾ ಅನಿಸಬಹುದು. ಮೊದಲ ವಾರಕ್ಕೆ ಇಷ್ಟು ಸಾಕು, ಜೊತೆಗೆ ಸಮತಟ್ಟಾದ ಜಾಗದಲ್ಲಿ 10 ನಿಮಿಷದ ನಡಿಗೆ.

ನಡಿಗೆಗೆ ಕುಕ್ಕರಹಳ್ಳಿ ಕೆರೆಗೆ ಹೋಗಬೇಡಿ ಅಂತ ಬೇಕೆಂದೇ ಹೇಳುತ್ತಿದ್ದೇನೆ. ಏರಿಯ ಮೇಲೆ ಅರ್ಧ ಸುತ್ತು ಹೋಗಿ ಕಾಲು ಸೋತರೆ ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಬಂದರೂ ಅಷ್ಟೇ. ಮನೆ ಮುಂದಿನ ರಸ್ತೆಯಲ್ಲೇ ಈ ತುದಿಯಿಂದ ಆ ತುದಿಗೆ ನಡೆಯಿರಿ, ಬೇಕೆಂದಾಗ ನಿಲ್ಲಿಸಬಹುದು. ನಡೆಯುತ್ತ ಫೋನಿನಲ್ಲಿ ಒಂದು ಪೂರ್ತಿ ವಾಕ್ಯ ಏದುಸಿರಿಲ್ಲದೆ ಮಾತಾಡಲು ಆಗಬೇಕು, ಆಗದಿದ್ದರೆ ವೇಗ ಜಾಸ್ತಿಯಾಯಿತು ಅಂತಲೇ ತಿಳಿಯಿರಿ. ಬೆಳಗ್ಗೆ ಹಾಸಿಗೆಯಲ್ಲೇ ಒಂದು ನಿಮಿಷ ನಾಡಿ ಎಣಿಸಿ ಬರೆದಿಡಿ. ನಿಮ್ಮ ಎಂದಿನ ಲೆಕ್ಕಕ್ಕಿಂತ 10 ಬಡಿತ ಜಾಸ್ತಿ ಇದ್ದ ದಿನ ನಡಿಗೆ ಬಿಡಿ. ವಾರ ಸುಸೂತ್ರವಾಗಿ ಕಳೆದರೆ ಎರಡು ಮೂರು ನಿಮಿಷ ಸೇರಿಸಿ. ಹೊತ್ತು ಮತ್ತು ವೇಗ ಎರಡನ್ನೂ ಒಟ್ಟಿಗೆ ಏರಿಸಬೇಡಿ.

ನೋವಿನ ಮಾತ್ರೆ ನುಂಗಿ ವ್ಯಾಯಾಮಕ್ಕೆ ಇಳಿಯಲೇಬೇಡಿ. ನಮ್ಮಲ್ಲಿ ಸ್ಟೀರಾಯ್ಡ್ ಸೂಜಿ ಹಾಕಿಸಿಕೊಂಡು, ಮಾರನೇ ದಿನ ನೋವೇ ಇಲ್ಲ ಅಂತ ಗದ್ದೆಗೋ ಜಿಮ್ಮಿಗೋ ಓಡುವವರಿದ್ದಾರೆ, ನನಗೆ ನಿಜಕ್ಕೂ ಸಂಕಟವಾಗುತ್ತದೆ. ಔಷಧ ನೋವನ್ನು ಅಡಗಿಸಿದೆ ಅಷ್ಟೇ, ಕೀಲು ಇನ್ನೂ ಆ ಭಾರಕ್ಕೆ ತಯಾರಾಗಿಲ್ಲ. ಮೂರು ತಿಂಗಳು ದಾಟಿಯೂ ಊತ ಇಳಿಯದಿದ್ದರೆ ಸಂಧಿವಾತ ತಜ್ಞರನ್ನು, ಅಂದರೆ ರುಮಟಾಲಜಿಸ್ಟ್ ಅವರನ್ನು ಕಾಣಿ. ಹಾಗೆಯೇ ಸುಸ್ತನ್ನೆಲ್ಲ ವೈರಸ್ ತಲೆಗೇ ಕಟ್ಟಬೇಡಿ, ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಒಮ್ಮೆ ನೋಡಿಸಿ.

ಬೆಟ್ಟ? ಅರ್ಧ ಗಂಟೆ ಚುರುಕಾಗಿ ನಡೆದರೂ ಎರಡು ಬೆಳಗ್ಗೆ ಏನೂ ತೊಂದರೆ ಇಲ್ಲ ಅನ್ನುವ ಹಂತಕ್ಕೆ ಬಂದ ಮೇಲೆ, ಮೊದಲು ಮನೆಯ ಮೆಟ್ಟಿಲು. ಆಮೇಲೆ ಬೆಟ್ಟದ ಬುಡದಿಂದ ನೂರಿನ್ನೂರು ಮೆಟ್ಟಿಲು, ಹೀಗೆ ಸ್ವಲ್ಪ ಸ್ವಲ್ಪ. ಪೂರ್ತಿ ಸಾವಿರ ಹತ್ತುವ ಮೊದಲ ದಿನ ಬರುವಾಗ ಸಿಟಿ ಬಸ್ ಹಿಡಿದು ಇಳಿಯಿರಿ. ಹತ್ತುವಾಗ ದುಡಿಯುವುದು ಹೃದಯ, ಶ್ವಾಸಕೋಶ. ಇಳಿಯುವಾಗ ಮೈಭಾರವನ್ನು ಹೆಜ್ಜೆಹೆಜ್ಜೆಗೂ ತಡೆದು ನಿಲ್ಲಿಸಬೇಕಾದದ್ದು ಮಂಡಿ ಮತ್ತು ಪಾದದ ಕೀಲು. ಆ ಮಂಗಳವಾರದ ನೋವಿಗೆ ಇಳಿದದ್ದೇ ಮುಖ್ಯ ಕಾರಣ ಅಂತ ನನ್ನ ಅಂದಾಜು.

ಒಂದು ಎಚ್ಚರಿಕೆ. ಆರು ತಿಂಗಳಾದರೂ ಸಣ್ಣ ಕೆಲಸಕ್ಕೇ ಎರಡು ದಿನ ಮಲಗುವ ಹಾಗಿದ್ದರೆ, ನಿದ್ದೆ ಮಾಡಿದರೂ ಸುಸ್ತು ಇಳಿಯದಿದ್ದರೆ, ತಲೆ ಮಂಕಾಗಿದ್ದರೆ, ಮೇಲೆ ಹೇಳಿದ ಹಾಗೆ ವಾರವಾರ ಏರಿಸುವುದು ನಿಮಗಲ್ಲ. ಇಂಥ ದೀರ್ಘ ಬಳಲಿಕೆ ಕಾಯಿಲೆಗೆ ಲೆಕ್ಕ ಹಾಕಿ ವ್ಯಾಯಾಮ ಏರಿಸುವ ಪದ್ಧತಿಯನ್ನು ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ (NICE) ಸಂಸ್ಥೆ 2021ರಲ್ಲೇ ಕೈಬಿಟ್ಟಿತು. ಇರುವ ಶಕ್ತಿಯೊಳಗೇ ದಿನದ ಕೆಲಸ ಹಂಚಿಕೊಳ್ಳಿ, ಡಾಕ್ಟರನ್ನು ಕಾಣಿ.

ಪ್ರಶ್ನೆ: ನನಗೆ 19 ವರ್ಷ, ಮಂಡ್ಯ, ಕಾಲೇಜು ಕಬಡ್ಡಿ ತಂಡದಲ್ಲಿದ್ದೇನೆ. ಡೆಂಗಿ ಆಗಿತ್ತು. ಪ್ಲೇಟ್‌ಲೆಟ್ ಈಗ 1.8 ಲಕ್ಷ. ಮುಂದಿನ ವಾರ ಪಂದ್ಯ ಇದೆ, ಆಡಬಹುದಾ ಸರ್?

ಉತ್ತರ: ಬೇಡ ತಮ್ಮಾ. ಪ್ಲೇಟ್‌ಲೆಟ್ 1.5 ಲಕ್ಷ ದಾಟಿದ್ದು ಒಳ್ಳೆಯದೇ, ಮೈಗೆ ಮೈ ತಾಗುವ ಆಟದಲ್ಲಿ ರಕ್ತಸ್ರಾವದ ಹೆದರಿಕೆ ಕಡಿಮೆಯಾಯಿತು. ಆದರೆ ಪ್ಲೇಟ್‌ಲೆಟ್ ಬೇಗ ಏರುತ್ತದೆ, ಮೈಯ ಶಕ್ತಿ ಅಷ್ಟು ಬೇಗ ಬರುವುದಿಲ್ಲ. ಡೆಂಗಿ ಕೆಲವೊಮ್ಮೆ ಹೃದಯದ ಸ್ನಾಯುವಿಗೂ ತಾಗುತ್ತದೆ. ಎದೆ ನೋವು, ಎದೆ ಢವಢವ, ತಲೆ ಸುತ್ತಿ ಬೀಳುವುದು, ಸುಮ್ನೆ ನಡೆದರೂ ಏದುಸಿರು, ಇದರಲ್ಲಿ ಒಂದಿದ್ದರೂ ಇಸಿಜಿ ಆಗುವ ತನಕ ಅಂಕಣಕ್ಕೆ ಇಳಿಯಬೇಡ. ಹೃದಯದ ಸ್ನಾಯುವಿನಲ್ಲಿ ಉರಿಯೂತ ಇದೆ ಅಂತ ಖಚಿತವಾದರೆ ಮೂರರಿಂದ ಆರು ತಿಂಗಳು ಆಟ ಬಿಡಬೇಕಾಗುತ್ತದೆ. ಏನೂ ಇಲ್ಲದಿದ್ದರೆ ಮೊದಲು ನಡಿಗೆ, ಆಮೇಲೆ ನಿಧಾನ ಓಟ, ಆಮೇಲೆ ತಂಡದ ಜೊತೆ ಹಗುರ ಅಭ್ಯಾಸ. ಕೋಚ್‌ಗೆ ಈ ಪುಟ ತೋರಿಸು.

ಪ್ರಶ್ನೆ: ಅಪ್ಪನಿಗೆ 71. ವೈರಲ್ ಜ್ವರ, ಕೆಮ್ಮು ಅಂತ ಮೂರು ವಾರ ಮಲಗಿಯೇ ಇದ್ದರು. ಈಗ ಜ್ವರ ಇಲ್ಲ, ಆದರೆ ಕುರ್ಚಿಯಿಂದ ಏಳಲು ಕೈ ಕೊಡಬೇಕು. ಇನ್ನೂ ವಿಶ್ರಾಂತಿ ಬೇಕಾ? — ಶಿವಮೊಗ್ಗದ ಓದುಗರು

ಉತ್ತರ: ಇಲ್ಲ, ಇವರಿಗೆ ಮಲಗುವುದೇ ಈಗ ಅಪಾಯ. 2007ರ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರೇ ಬರೀ ಹತ್ತು ದಿನ ಮಲಗಿದ್ದಕ್ಕೆ ಕಾಲಿನ ಸ್ನಾಯು ಸುಮಾರು ಒಂದು ಕೆಜಿ ಕರಗಿತ್ತು. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ, ಸೀಟಿನ ಮೇಲೆ ದಿಂಬು ಹಾಕಿ ಎತ್ತರ ಮಾಡಿ. ಪಕ್ಕದಲ್ಲಿ ನೀವು ನಿಂತಿರಿ. ಐದು ಸಲ ಎದ್ದು ಕೂರಲಿ, ದಿನಕ್ಕೆ ಮೂರು ಹೊತ್ತು. ಸುಲಭವಾದ ಮೇಲೆ ದಿಂಬು ತೆಗೆಯಿರಿ. ಬರೀ ಗಂಜಿ, ಬ್ರೆಡ್ ಕೊಡುತ್ತಿದ್ದರೆ ನಿಲ್ಲಿಸಿ, ಹುರಳಿಕಟ್ಟು, ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಕೊಡಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ ಕೊಡಿ. ಎದ್ದು ನಿಂತಾಗ ತಲೆ ಸುತ್ತುತ್ತದೆ ಅಂದರೆ ಮಲಗಿದಾಗ ಒಮ್ಮೆ, ನಿಂತಾಗ ಒಮ್ಮೆ ಬಿಪಿ ನೋಡಿಸಿ. ಕಾಯಿಲೆಯಲ್ಲಿ ತೂಕ ಇಳಿದಿದ್ದರೆ ಹಳೆಯ ಬಿಪಿ ಮಾತ್ರೆಯೇ ಈಗ ಜಾಸ್ತಿ ಆಗುತ್ತಿರಬಹುದು, ನೀವಾಗಿ ನಿಲ್ಲಿಸದೆ ಡಾಕ್ಟರಿಗೆ ತೋರಿಸಿ ಬದಲಿಸಿಕೊಳ್ಳಿ.