ಆಡಿಟ್ ಟೂರಿನಲ್ಲಿ ಒಂದು ಗಂಟೆ ನನಗೂ ಬೇಕು

ಉತ್ತರಿಸುವವರು: ಆಪ್ತಸಮಾಲೋಚಕಿ, ಉಡುಪಿ

ಪ್ರಶ್ನೆ: ನಮಸ್ತೆ ಮೇಡಂ. ನನಗೆ 27 ವರ್ಷ, ಊರು ಕಾಪು ಹತ್ತಿರ. ಮಂಗಳೂರಿನ ಒಂದು ಆಡಿಟ್ ಆಫೀಸಿನಲ್ಲಿ ಕೆಲಸ. ಪ್ರತಿ ಏಪ್ರಿಲ್‌ನಲ್ಲಿ ಬ್ಯಾಂಕ್ ಬ್ರಾಂಚ್ ಆಡಿಟ್ ಅಂತ ವಿಜಯಪುರ, ಬಾಗಲಕೋಟೆ ಕಡೆ ಹೋಗಿ ವಾರಗಟ್ಟಲೆ ಇರಬೇಕು. ನಾಲ್ಕು ಜನ, ಎರಡು ರೂಮು. ಬೆಳಿಗ್ಗೆ ತಿಂಡಿಯಿಂದ ರಾತ್ರಿ ಮಲಗುವವರೆಗೆ ಎಲ್ಲ ಒಟ್ಟಿಗೇ. ನನ್ನ ರೂಮಿನಲ್ಲಿರುವ ಸೀನಿಯರ್ ಪಕ್ಕದ ಊರಿನವರು, ಅಣ್ಣ ಅಂತಲೇ ಕರೆಯುವುದು. ಒಳ್ಳೆಯವರು. ಆದರೆ ಸಂಜೆಯಾದರೆ ನಮ್ಮ ರೂಮೇ ಎಲ್ಲರ ಅಡ್ಡೆ. ಕುಡಿಯುವುದು, ಹರಟೆ, ರಾತ್ರಿ 12 ಆದರೂ ಮುಗಿಯುವುದಿಲ್ಲ. ನಾನು ಕುಡಿಯುವುದಿಲ್ಲ. ಈಚೆಗೆ ನನ್ನ ಎಂಗೇಜ್‌ಮೆಂಟ್ ಆಗಿದೆ. ಅವಳ ಹತ್ತಿರ ಫೋನಿನಲ್ಲಿ ಎರಡು ಮಾತಾಡಲೂ ಜಾಗವಿಲ್ಲ. ಕಳೆದ ಸಲ ಸ್ವಲ್ಪ ಸುಮ್ಮನಿದ್ದೆ, ಅಷ್ಟೇ. ನಾನು ಮನೆ ಮುಟ್ಟುವ ಮೊದಲೇ "ನಿಮ್ಮ ಮಗನಿಗೆ ಎಂತ ಬೇಸರ?" ಅಂತ ಅಮ್ಮನಿಗೆ ಫೋನ್ ಹೋಗಿತ್ತು! ಜಂಬ ಅನ್ನಿಸಿಕೊಳ್ಳದೆ ಸ್ವಲ್ಪ ಹೊತ್ತು ಒಬ್ಬನೇ ಇರುವುದು ಹೇಗೆ?
– ಹೆಸರು ಬೇಡ, ಮಂಗಳೂರು

ಉತ್ತರ: ಅಮ್ಮನಿಗೆ ಹೋದ ಆ ಫೋನನ್ನೇ ನೋಡಿ. ನಿಮ್ಮ ಅಣ್ಣನಿಗೆ ಸಿಟ್ಟು ಬಂದಿರಲಿಲ್ಲ, ಗಾಬರಿಯಾಗಿತ್ತು. ನಮ್ಮ ಕಡೆ ನಾಲ್ಕು ಜನರ ನಡುವೆ ಒಬ್ಬ ಸುಮ್ಮನೆ ಕೂತರೆ ಅವನಿಗೆ ಏನೋ ಆಗಿದೆ ಅಂತಲೇ ಲೆಕ್ಕ. ಮನೆಯಲ್ಲಿ ಜಗಳವೋ, ಮೈ ಸರಿಯಿಲ್ಲವೋ, ನಮ್ಮ ಮೇಲೇ ಕೋಪವೋ. ನೀವು ಹೇಳದೆ ದೂರ ಸರಿದಷ್ಟೂ ಅವರು ವಿಚಾರಿಸಲು ಹತ್ತಿರ ಬರುತ್ತಾರೆ. ಹಾಗಾಗಿ ಬಾಯಿಬಿಟ್ಟು ಹೇಳಿ. ಅದೂ ಹೊರಡುವ ಮೊದಲೇ.

ನೆಪ ಹೇಳಬೇಡಿ. ತಲೆನೋವು ಅಂದರೆ ಒಬ್ಬರು ಮಾತ್ರೆ ತರುತ್ತಾರೆ, ಇನ್ನೊಬ್ಬರು ಅಮೃತಾಂಜನ ಹಿಡಿದು ಪಕ್ಕದಲ್ಲಿ ಕೂರುತ್ತಾರೆ. ಹತ್ತು ನಿಮಿಷಕ್ಕೊಮ್ಮೆ "ಈಗ ಹೇಗುಂಟು?" ಬೇರೆ. ಕೆಲಸ ಬಾಕಿ ಇದೆ ಅಂದರೆ "ಕೊಡು, ನಾವೂ ಸೇರಿ ಮುಗಿಸುವಾ" ಅನ್ನುತ್ತಾರೆ. ಅದಕ್ಕಿಂತ ನಿಜ ಹೇಳುವುದೇ ಸುಲಭ: "ಅಣ್ಣ, ದಿನಾ ಎಂಟರಿಂದ ಒಂಬತ್ತರವರೆಗೆ ನಾನು ಒಬ್ಬನೇ ನಡೆದು ಬರ್ತೇನೆ. ಬೇಸರ ಎಂತದ್ದೂ ಇಲ್ಲ, ಅವಳಿಗೆ ಫೋನ್ ಮಾಡ್ಲಿಕ್ಕುಂಟು. ಒಂಬತ್ತಕ್ಕೆ ಊಟಕ್ಕೆ ಸಿಗುವಾ." ಎರಡು ದಿನ ತಮಾಷೆ ಮಾಡುತ್ತಾರೆ. ಮಾಡಲಿ. ಮೂರನೇ ದಿನ ಅವರೇ "ಟೈಮಾಯ್ತು, ಹೋಗು ಮಾರಾಯ" ಅನ್ನುತ್ತಾರೆ. ಎಷ್ಟು ಹೊತ್ತಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಗೊತ್ತಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಒಂಬತ್ತಕ್ಕೆ ಹೇಳಿದ ಹಾಗೆ ಬನ್ನಿ ಮಾತ್ರ. ಊಟದ ಹೊತ್ತಿನಲ್ಲಿ ಮೊಬೈಲ್ ಜೇಬಿನಲ್ಲಿರಲಿ. ಜೋಳದ ರೊಟ್ಟಿ, ಎಣ್ಣೆಗಾಯಿ ಮುಂದಿಟ್ಟುಕೊಂಡು ಊರಿನ ಬಂಗುಡೆ ನೆನೆಯುವ ಆ ಹರಟೆಯಲ್ಲಿ ನೀವೂ ಇರಿ. ಆಮೇಲೆ ಕೈತೊಳೆದು ಎದ್ದು ಹೋದರೂ ಯಾರೂ ಜಂಬ ಅನ್ನುವುದಿಲ್ಲ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಹಗಲು ಹೊರಗೆ ಹೋಗುವ ಮಾತೇ ಇಲ್ಲ, ಸಂಜೆಯೇ ಸರಿ. ಬೇಗ ಏಳುವವರಾದರೆ ಬೆಳಿಗ್ಗೆ ಗೋಳಗುಮ್ಮಟದ ಕಡೆ ಹೋಗಿ, ಜನ ಕಡಿಮೆ. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತು ಅವಳಿಗೆ ಫೋನ್ ಮಾಡಬೇಡಿ, ಆ ತುದಿಯಲ್ಲಿ ನಿಂತವರಿಗೂ ಕೇಳುತ್ತದೆ!

ರೂಮಿನ ವಿಷಯದಲ್ಲಿ ಮಾತ್ರ ನೀವು ಇಷ್ಟು ಸಹಿಸಿಕೊಳ್ಳುವ ಅಗತ್ಯವಿಲ್ಲ. ಎರಡು ರೂಮು ಇವೆ ಅಲ್ವಾ? ಕುಡಿಯುವುದು, ಹರಟೆ ಎಲ್ಲ ಇನ್ನೊಂದರಲ್ಲಿ ಆಗಲಿ. ರೂಮು ಬುಕ್ ಮಾಡುವವರಿಗೆ ಮೊದಲೇ ಹೇಳಿ: "ನಾನು ಹತ್ತೂವರೆಗೆ ಮಲಗುವವ, ಬೇಗ ಮಲಗುವವರೊಟ್ಟಿಗೆ ಹಾಕಿ." ಲಾಡ್ಜಿಗೆ ಹೋಗಿ ಬ್ಯಾಗ್ ಇಟ್ಟ ಮೇಲೆ ಹೇಳಿದರೆ ಅದು ಅಣ್ಣನ ಮೇಲಿನ ದೂರಿನ ಹಾಗೆ ಕೇಳುತ್ತದೆ. ಬ್ಯಾಂಕು ಆಡಿಟರಿಗೆ ಪ್ರಯಾಣ, ವಸತಿಯ ಖರ್ಚು ಕೊಡುತ್ತದೆ, ಅದಕ್ಕೊಂದು ಮಿತಿ ಇರುತ್ತದೆ. ಸಿಂಗಲ್ ರೂಮು ಬೇಕೇ ಬೇಕು ಅನ್ನಿಸಿದರೆ ಹೆಚ್ಚಿಗೆ ಬೀಳುವ ಬಾಡಿಗೆ ನಾನೇ ಹಾಕುತ್ತೇನೆ ಅಂತ ನಿಮ್ಮ ಸರ್ ಹತ್ತಿರ ಕೇಳಿ ನೋಡಿ. ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಇನ್ನೊಂದು ವಿಷಯ ನಿಮಗೇ ಗೊತ್ತಿರುತ್ತದೆ. ಮಾರ್ಚ್ 31ರ ಲೆಕ್ಕ, ಯಾರ ಸಾಲ ಎನ್‌ಪಿಎ (ಕಂತು ಬಾರದೆ ನಿಂತ ಸಾಲ) ಆಗಿದೆ ಅನ್ನುವ ಪಟ್ಟಿ, ಎಲ್ಲ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ತೆರೆದಿರುತ್ತದೆ. ಇಂಥ ಪಾರ್ಟಿಗಳಿಗೆ ಆ ಊರಿನ ಯಾರದೋ ಪರಿಚಯದವರು, ಟ್ಯಾಕ್ಸಿ ಡ್ರೈವರು ಬಂದು ಕೂರುವುದು ಹೊಸತಲ್ಲ. ಅಷ್ಟರಲ್ಲಿ ಒಬ್ಬರು ಗ್ರೂಪ್ ಫೋಟೊ ತೆಗೆದು ವಾಟ್ಸ್ಆಪ್ ಸ್ಟೇಟಸ್ ಹಾಕುತ್ತಾರೆ, ಹಿಂದೆ ನಿಮ್ಮ ಸ್ಕ್ರೀನು! ಗ್ರಾಹಕರ ಗುಟ್ಟು ಕಾಪಾಡಬೇಕು ಅನ್ನುವುದು ಆಡಿಟರ ವೃತ್ತಿಯ ನಿಯಮವೇ. "ಬ್ಯಾಂಕಿನ ಕಾಗದ ಇರುವ ರೂಮಿನಲ್ಲಿ ಬೇಡ ಅಣ್ಣ" ಅಂದರೆ ಅವರು ಎದುರಾಡುವ ಹಾಗಿಲ್ಲ. ಇದು ನೆಪವೂ ಅಲ್ಲ.

ರೈಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಂಗಳೂರಿನಿಂದ ಮಧ್ಯಾಹ್ನ ಹೊರಡುವ ವಿಜಯಪುರ ಗಾಡಿ ಮುಟ್ಟುವುದು ಮರುದಿನ ಬೆಳಿಗ್ಗೆ. ಕೆಳಗಿನ ಬರ್ತ್ ಸಿಕ್ಕಿದರೆ ರಾತ್ರಿ 10ರ ತನಕ ಅದು ಎಲ್ಲರೂ ಕೂರುವ ಜಾಗ. ಮಲಗುವ ಹಕ್ಕು 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ. ಸ್ಲೀಪರ್, ತ್ರೀ ಟಯರ್ ಎಸಿಯಲ್ಲಿ 8, 16, 24 ಹೀಗೆ ಎಂಟರ ಮಗ್ಗಿಯಲ್ಲಿ ಬರುವವು ಸೈಡ್ ಅಪ್ಪರ್. ಯಾರಿಗೂ ಬೇಡದ ಬರ್ತ್ ಅದು. ಹತ್ತಿ ಮಲಗಿದರೆ ಯಾರೂ ಎಬ್ಬಿಸುವುದಿಲ್ಲ. ನೀವು ಉದ್ದ ಇದ್ದರೆ ಮಾತ್ರ ಕಾಲು ಮಡಚಿಕೊಳ್ಳಬೇಕು.

ಪ್ರಶ್ನೆ: ಮಣಿಪಾಲದ ಒಂದು ಕಂಪನಿಯಲ್ಲಿದ್ದೇನೆ. ಕೆಲಸದ ಮೇಲೆ ಆಗಾಗ ಬೆಂಗಳೂರಿಗೆ ಹೋಗಬೇಕು. ರಾತ್ರಿ ಊಟದ ನಂತರ ಮ್ಯಾನೇಜರ್ "ನಾಳೆಯ ಪ್ರೆಸೆಂಟೇಶನ್ ನೋಡುವಾ, ರೂಮಿಗೆ ಬಾ" ಅನ್ನುತ್ತಾರೆ. ಬೇರೆ ಯಾವ ರೀತಿಯಲ್ಲೂ ತಪ್ಪಾಗಿ ನಡೆದುಕೊಂಡಿಲ್ಲ. ಆದರೂ ಕಸಿವಿಸಿ. ನಾನೇ ಜಾಸ್ತಿ ಯೋಚಿಸುತ್ತಿದ್ದೇನಾ?
– ಓದುಗರು, ಉಡುಪಿ

ಉತ್ತರ: ಇಲ್ಲ. "ಸರ್, ನಾನು ಕೆಳಗೆ ಲಾಬಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರ್ತೇನೆ, ಅಲ್ಲಿಗೆ ಬನ್ನಿ" ಅನ್ನಿ. ಕಾರಣ ಕೊಡಬೇಡಿ, ಕ್ಷಮೆಯನ್ನೂ ಕೇಳಬೇಡಿ. ಅವರ ಮನಸ್ಸಿನಲ್ಲಿ ಕೆಲಸವೇ ಇದ್ದರೆ ಲಾಬಿಗೆ ಬರುತ್ತಾರೆ, ವಿಷಯ ಅಲ್ಲಿಗೆ ಮುಗಿಯಿತು.

ಬೇಡ ಅಂದ ಮೇಲೂ ಒತ್ತಾಯ ಮಾಡಿದರೆ ಅಥವಾ ಮಾತಿನ ಧಾಟಿ ಬದಲಾದರೆ ಅದು ಬೇರೆಯೇ ವಿಷಯ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ನಿಮ್ಮ ಮಣಿಪಾಲದ ಆಫೀಸಿಗಷ್ಟೇ ಅಲ್ಲ. ಕೆಲಸಕ್ಕಾಗಿ ಹೋದ ಜಾಗ, ಕಂಪನಿ ಕೊಟ್ಟ ವಾಹನ ಎಲ್ಲವೂ ಅದರ ಪ್ರಕಾರ ಕೆಲಸದ ಸ್ಥಳವೇ. 10 ಅಥವಾ ಹೆಚ್ಚು ಜನರಿರುವ ಕಡೆ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಆಫೀಸಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಬರವಣಿಗೆಯಲ್ಲಿ, ಘಟನೆ ನಡೆದ 3 ತಿಂಗಳೊಳಗೆ ಕೊಡಬೇಕು. ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳವರೆಗೆ ಅವಕಾಶ ಕೊಡಬಹುದು. ರೂಮಿಗೆ ಕರೆದ ಮೆಸೇಜುಗಳು ಫೋನಿನಲ್ಲಿದ್ದರೆ ಸದ್ಯಕ್ಕೆ ಅಳಿಸಬೇಡಿ.