ಎರಡನೇ ಗೇರ್ ಕರಕರ ಅಂದ ಮಾತ್ರಕ್ಕೆ ಗೇರ್ ಬಾಕ್ಸ್ ಇಳಿಸಬೇಕಾ?

ಪ್ರಶ್ನೆ: ನಾವಿರುವುದು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ. ಹೋದ ವರ್ಷ 1973ರ ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನ್ ತೆಗೆದುಕೊಂಡೆವು. 1600 ಎಂಜಿನ್, ನಾಲ್ಕು ಗೇರ್. ಎರಡನೇ ಗೇರಿಗೆ ಹಾಕುವಾಗ ಕರಕರ ಅನ್ನುತ್ತದೆ. ರಿವರ್ಸ್ ಸುಲಭಕ್ಕೆ ಬೀಳುವುದಿಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಮೇಲಿನಿಂದ ಕಾಲು ತೆಗೆದರೆ ಕೆಲವು ಸಲ ನಾಲ್ಕನೇ ಗೇರ್ ತಾನಾಗಿಯೇ ನ್ಯೂಟ್ರಲ್‌ಗೆ ಬಂದುಬಿಡುತ್ತದೆ. ಹತ್ತಿರದ ಗ್ಯಾರೇಜಿನವರು ಒಂದು ಸುತ್ತು ಓಡಿಸಿ ನೋಡಿ, ಗೇರ್ ಬಾಕ್ಸ್ ಇಳಿಸಿ ಪೂರ್ತಿ ರೀಬಿಲ್ಡ್ ಮಾಡಬೇಕು ಅಂದರು. ಜೂನ್‌ನಲ್ಲಿ ಶಿವಮೊಗ್ಗದಿಂದ ಅಪ್ಪ ಅಮ್ಮ ಬರುತ್ತಾರೆ. ಅವರನ್ನು ಇದೇ ವ್ಯಾನಿನಲ್ಲಿ ಸ್ಕಾಟ್ಲೆಂಡಿಗೆ ಕರೆದುಕೊಂಡು ಹೋಗುವ ಆಸೆ. ಏನು ಮಾಡಲಿ ಸರ್?

ಉತ್ತರ: ರೀಬಿಲ್ಡ್‌ಗೆ ಈಗಲೇ ಹೂಂ ಅನ್ನಬೇಡಿ. ನೀವು ಹೇಳಿದ ಮೂರು ತೊಂದರೆಗಳೂ ಗೇರ್ ಬಾಕ್ಸಿನ ಹೊರಗಿನಿಂದಲೇ ಬರಬಹುದು. ಒಳಗಿನಿಂದಲೂ ಬರಬಹುದು. ಒಂದು ಸುತ್ತು ಓಡಿಸಿ ಅದನ್ನು ಹೇಳಲು ಯಾರಿಗೂ ಆಗುವುದಿಲ್ಲ.

ನಿಮ್ಮ ವ್ಯಾನಿನಲ್ಲಿ ಡ್ರೈವರ್ ಕೂರುವುದು ಮುಂದಿನ ಚಕ್ರದ ಮೇಲೆ. ಎಂಜಿನ್, ಗೇರ್ ಬಾಕ್ಸ್, ಡಿಫರೆನ್ಷಿಯಲ್ ಎಲ್ಲ ಹಿಂದೆ. ನಿಮ್ಮ ಕೈಯಿಂದ ಗೇರ್ ಬಾಕ್ಸಿನವರೆಗೆ ವ್ಯಾನಿನ ಹೊಟ್ಟೆಯ ಕೆಳಗೆ ಉದ್ದಕ್ಕೆ ರಾಡ್ ಹೋಗುತ್ತದೆ. ನಿಮ್ಮ ಕಾಲಿನಿಂದ ಕ್ಲಚ್ಚಿನವರೆಗೆ ಮೂರು ಮೀಟರಿಗೂ ಜಾಸ್ತಿ ಉದ್ದದ ಕೇಬಲ್. ಐವತ್ತು ವರ್ಷದ ಮಳೆ, ಕೆಸರು, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಎಲ್ಲ ಬಿದ್ದಿರುವುದು ಈ ರಾಡ್, ಕೇಬಲ್, ರಾಡ್ ಅಲ್ಲಾಡದಂತೆ ಹಿಡಿಯುವ ಬುಷ್‌ಗಳ ಮೇಲೆ. ನಾನು ದಾವಣಗೆರೆಯಲ್ಲಿ ಅಂಬಾಸಡರ್ ಕಾರುಗಳ ಕೆಳಗೆ ಮಲಗಿ ಕೆಲಸ ಕಲಿತವನು. ಅದಕ್ಕೆ ಸ್ಟಿಯರಿಂಗ್ ಪಕ್ಕದ ಗೇರು, ಅಲ್ಲಿಂದ ಕೆಳಗೆ ಕೊಂಡಿಗಳು. ಗೇರ್ ಬೀಳುತ್ತಿಲ್ಲ ಅಂತ ಯಾರೇ ಬಂದರೂ ನಮ್ಮ ಮೇಸ್ತ್ರಿ ಮೊದಲು ಕೊಂಡಿಗೆ ಕೈ ಹಾಕುತ್ತಿದ್ದರು, ಸ್ಪ್ಯಾನರ್ ಆಮೇಲೆ. ನಿಮ್ಮ ವ್ಯಾನಿಗೂ ಅದೇ ಕ್ರಮ ಸರಿ.

ಮೊದಲು ಕ್ಲಚ್ ನೋಡಿ. ಎಂಜಿನ್ ಬಿಸಿಯಾದ ಮೇಲೆ ನಿಂತಲ್ಲೇ ಐಡಲ್‌ನಲ್ಲಿ ಬಿಡಿ. ಕ್ಲಚ್ ಪೂರ್ತಿ ಒತ್ತಿ ಐದಾರು ಸೆಕೆಂಡ್ ಕಾಯಿರಿ. ಆಮೇಲೆ ನಿಧಾನಕ್ಕೆ ರಿವರ್ಸ್‌ಗೆ ಹಾಕಿ. ಗೇರ್ ಬೀಳುವ ಮುಂಚೆ ಎರಡು ಕಡೆಯ ವೇಗ ಹೊಂದಿಸುವ ರಿಂಗಿಗೆ ಸಿಂಕ್ರೊ ಅನ್ನುತ್ತಾರೆ. ರಿವರ್ಸ್‌ಗೆ ಸಿಂಕ್ರೊ ಇಲ್ಲ, ಅದಕ್ಕೇ ಅದು ಸುಳ್ಳು ಹೇಳುವುದಿಲ್ಲ. ಅಷ್ಟು ಹೊತ್ತು ಕಾದ ಮೇಲೂ ಕರಕರ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಗೇರ್ ಬಾಕ್ಸಿನ ಶಾಫ್ಟ್ ಇನ್ನೂ ತಿರುಗುತ್ತಿದೆ ಅಂತ ಅರ್ಥ. ಸದ್ದಿಲ್ಲದೆ ಬಿದ್ದರೆ ಕ್ಲಚ್ ಸರಿ ಇದೆ.

ಕ್ಲಚ್ ಬಿಡುತ್ತಿಲ್ಲ ಅಂತ ಗೊತ್ತಾದರೆ ಪೆಡಲಿನ ಪ್ಲೇ ಅಳೆಯಿರಿ. ಬೆರಳಲ್ಲಿ ಒತ್ತಿದಾಗ 10ರಿಂದ 20 ಎಂಎಂ ಸುಮ್ನೆ ಹೋಗಬೇಕು, ಆಮೇಲೆ ಬಿಗಿ ಸಿಗಬೇಕು. ಪ್ಲೇ ಜಾಸ್ತಿ ಇದ್ದರೆ ಗೇರ್ ಬಾಕ್ಸಿನ ಪಕ್ಕ ಕೇಬಲ್ಲಿನ ತುದಿಯಲ್ಲಿರುವ ರೆಕ್ಕೆ ನಟ್ ತಿರುಗಿಸಿ ಸರಿ ಮಾಡಬಹುದು. ಕೆಲಸ ಹತ್ತು ನಿಮಿಷದ್ದು. ಅಲ್ಲೇ ಕೇಬಲ್ ಹಾದುಹೋಗುವ ಬಾಗುವ ಕೊಳವೆಯನ್ನೂ ನೋಡಿ, ಅದಕ್ಕೆ ಬೌಡನ್ ಟ್ಯೂಬ್ ಅನ್ನುತ್ತಾರೆ. ಅದು ನೆಟ್ಟಗೆ ಇರಬಾರದು, 25ರಿಂದ 45 ಎಂಎಂನಷ್ಟು ಕೆಳಗೆ ಜೋತಿರಬೇಕು. ಆ ಬಾಗು ಇಲ್ಲದಿದ್ದರೆ ಕ್ಲಚ್ ನಡುಗುತ್ತದೆ. ಕೇಬಲ್ಲಿನ ಒಂದೇ ಒಂದು ಎಳೆ ಬಿಚ್ಚಿಕೊಂಡಿದ್ದರೂ ಹೊಸದು ಹಾಕಿ.

ಇದೆಲ್ಲ ಸರಿ ಮಾಡಿದ ಮೇಲೂ ರಿವರ್ಸ್ ಕರಕರ ಅಂದರೆ ನನಗೆ ಅನುಮಾನ ಬರುವುದು ಚಿಕ್ಕದೊಂದು ಬೇರಿಂಗ್ ಮೇಲೆ. ನಿಮ್ಮ 1600 ಎಂಜಿನ್ನಿನಲ್ಲಿ ಫ್ಲೈವೀಲನ್ನು, ಅಂದರೆ ಎಂಜಿನ್ ತುದಿಯ ಭಾರದ ಚಕ್ರವನ್ನು, ಹಿಡಿದಿರುವ ದೊಡ್ಡ ನಟ್ಟಿನ ಒಳಗೆ ಸೂಜಿ ಬೇರಿಂಗ್ ಇದೆ. ಗೇರ್ ಬಾಕ್ಸಿನ ಶಾಫ್ಟ್ ತುದಿ ಕೂರುವುದು ಅದರಲ್ಲೇ. ಅದರ ಗ್ರೀಸ್ ಒಣಗಿದರೆ ಕ್ಲಚ್ ಒತ್ತಿದರೂ ಎಂಜಿನ್ ಶಾಫ್ಟನ್ನು ತಿರುಗಿಸುತ್ತಲೇ ಇರುತ್ತದೆ. ಇದಕ್ಕೆ ಎಂಜಿನ್ ಇಳಿಸಬೇಕು ನಿಜ. ಆದರೆ ಗೇರ್ ಬಾಕ್ಸ್ ಮುಟ್ಟಬೇಕಿಲ್ಲ.

ಇನ್ನು ಲಿವರ್. ನಿಮ್ಮ ವ್ಯಾನಿನಲ್ಲಿ ಎರಡನೇ ಗೇರ್ ಎಡಕ್ಕೆ, ಹಿಂದಕ್ಕೆ. ರಿವರ್ಸ್‌ಗೆ ಲಿವರ್ ಕೆಳಗೆ ಒತ್ತಿ, ಇನ್ನೂ ಎಡಕ್ಕೆ ತಂದು ಹಿಂದಕ್ಕೆ ಎಳೆಯಬೇಕು. ಅಂದರೆ ಎರಡೂ ಅಕ್ಕಪಕ್ಕದ ಮನೆ. ಇವುಗಳ ಮಧ್ಯೆ ಗೋಡೆಯ ಹಾಗೆ ಇರುವುದು ಲಿವರ್ ಬುಡದಲ್ಲಿರುವ ಒಂದು ತಗಡಿನ ಪ್ಲೇಟ್. ಅದು ಸವೆದಿದ್ದರೆ, ಯಾರೋ ಹಿಂದಿನವರು ತಿರುಗಾಮುರುಗಾ ಕೂರಿಸಿದ್ದರೆ, ನೀವು ಎರಡಕ್ಕೆ ಹಾಕುತ್ತೇನೆ ಅಂದುಕೊಂಡು ರಿವರ್ಸ್ ಗೇರಿನ ಹಲ್ಲಿಗೆ ತಾಗಿಸುತ್ತಿರಬಹುದು. ಆ ಕರಕರ ಸದ್ದು ಸಿಂಕ್ರೊ ಹೋದ ಹಾಗೇ ಕೇಳಿಸುತ್ತದೆ. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಹೊಳೆದದ್ದು ಇದೇ. ಎರಡನೇ ಗೇರ್, ರಿವರ್ಸ್ ಎರಡೂ ಒಟ್ಟಿಗೆ ಕಾಡುತ್ತಿವೆ ಅಲ್ವಾ? ಲಿವರನ್ನು ಬೇಕೆಂದೇ ಬಲಕ್ಕೆ ಸ್ವಲ್ಪ ಒತ್ತಿ ಹಿಡಿದು ಎರಡಕ್ಕೆ ಎಳೆದು ನೋಡಿ. ಸದ್ದು ನಿಂತರೆ ಕಳ್ಳ ಸಿಕ್ಕಿದ.

ಲಿವರ್ ಬುಡವನ್ನು ನೆಲಕ್ಕೆ ಹಿಡಿದಿರುವುದು ಎರಡು ಬೋಲ್ಟ್. ಬಿಚ್ಚುವ ಮುಂಚೆ ಅದು ಕೂತಿರುವ ಜಾಗಕ್ಕೆ ಸುತ್ತಲೂ ಗೆರೆ ಎಳೆದುಕೊಳ್ಳಿ. ಬುಡ ಒಂಚೂರು ಸರಿದರೂ ಗೇರ್‌ಗಳ ಜಾಗ ಬದಲಾಗುತ್ತದೆ. ಪ್ಲೇಟಿನ ಎದ್ದಿರುವ ಅಂಚು ಬಲಕ್ಕೆ, ಮೇಲ್ಮುಖವಾಗಿ ಇರಬೇಕು. ಆಮೇಲೆ ವ್ಯಾನಿನ ಕೆಳಗೆ ಹೋಗಿ ರಾಡ್ ಹಿಡಿದು ಅಲ್ಲಾಡಿಸಿ. ಮುಂದಿನ ಬುಷ್ ಪುಡಿಯಾಗಿದ್ದರೆ ಲಟಲಟ ಅನ್ನುತ್ತದೆ. ರಾಡ್ ಗೇರ್ ಬಾಕ್ಸನ್ನು ಸೇರುವ ಕಡೆ ಇರುವ ಕಪ್ಲಿಂಗ್ ಕೂಡ ಸವೆಯುತ್ತದೆ. ಅದರ ಸ್ಕ್ರೂಗೆ ತಂತಿ ಸುತ್ತಿ ಲಾಕ್ ಮಾಡಿರುತ್ತಾರೆ. ಬಿಚ್ಚಿದರೆ ಹೊಸ ತಂತಿ ಸುತ್ತದೆ ಬಿಡಬೇಡಿ. ಆ ಸ್ಕ್ರೂ ದಾರಿಯಲ್ಲಿ ಕಳಚಿದರೆ ಇದ್ದ ಗೇರಿನಲ್ಲೇ ಉಳಿಯುತ್ತೀರಿ. ಇನ್ನೊಂದು ಮಾತು, ಕೈಮುಗಿದು ಹೇಳುತ್ತೇನೆ: ಬರೀ ಜ್ಯಾಕ್ ನಂಬಿ ವ್ಯಾನಿನ ಕೆಳಗೆ ಹೋಗಬೇಡಿ. ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಅಡ್ಡ ಇಡಿ.

ನಾಲ್ಕನೇ ಗೇರ್ ಹಾರುವುದಕ್ಕೂ ಈ ರಾಡ್ ಕಾರಣ ಇರಬಹುದು. ಎಂಜಿನ್ ಆಫ್ ಮಾಡಿ ನಾಲ್ಕಕ್ಕೆ ಹಾಕಿ. ಆಮೇಲೆ ಹಿಂದೆ ಕಪ್ಲಿಂಗ್ ಹತ್ತಿರ ರಾಡನ್ನು ಅದೇ ದಿಕ್ಕಿಗೆ ಇನ್ನಷ್ಟು ತಳ್ಳಿ. ಇನ್ನೂ ಸರಿದರೆ ಗೇರ್ ಅರ್ಧಂಬರ್ಧ ಬೀಳುತ್ತಿದೆ. ಕ್ಯಾಂಪರ್‌ಗಳಲ್ಲಿ ದಪ್ಪ ಕಾರ್ಪೆಟ್ಟೋ, ಆಮೇಲೆ ಕೂರಿಸಿದ ಪೆಟ್ಟಿಗೆಯೋ ಲಿವರಿಗೆ ಅಡ್ಡ ಬರುವುದೂ ಉಂಟು. ಗೇರ್ ಬಾಕ್ಸಿನ ಮೂತಿಯ ಕೆಳಗಿನ ರಬ್ಬರ್ ಮೌಂಟ್ ಆಯಿಲ್ ಕುಡಿದು ಮೆತ್ತಗಾಗಿದ್ದರೆ, ನೀವು ಕಾಲು ತೆಗೆದ ತಕ್ಷಣ ಇಡೀ ಗೇರ್ ಬಾಕ್ಸ್ ಹಿಂದೆ ಮುಂದೆ ಆಡುತ್ತದೆ, ರಾಡ್ ಗೇರನ್ನು ಎಳೆದುಬಿಡುತ್ತದೆ. ಇವೆಲ್ಲ ಗಟ್ಟಿ ಇದ್ದೂ ಹಾರುತ್ತಿದ್ದರೆ ಒಳಗೆ ಗೇರ್ ಬದಲಿಸುವ ಫೋರ್ಕ್, ಅದು ಸರಿಸುವ ಸ್ಲೀವ್ ಅಥವಾ ಬೇರಿಂಗ್ ಸವೆದಿದೆ. ಅದಕ್ಕೆ ಹೊರಗಿನ ಮದ್ದಿಲ್ಲ.

ಆಯಿಲ್ ಬದಲಿಸುವುದು ಬರೀ ಆಯಿಲ್‌ಗಾಗಿ ಅಲ್ಲ, ಒಳಗಿನ ಸುದ್ದಿ ತಿಳಿಯುವುದಕ್ಕೂ. ಮೊದಲು ತುಂಬುವ ಪ್ಲಗ್ ಬಿಚ್ಚಿ, 17 ಎಂಎಂ ಅಲೆನ್ ಕೀ ಬೇಕು. ಅದು ಬಿಚ್ಚಿದ ಮೇಲೇ ಕೆಳಗಿನದಕ್ಕೆ ಕೈ ಹಾಕಿ. ಇಲ್ಲದಿದ್ದರೆ ಖಾಲಿ ಗೇರ್ ಬಾಕ್ಸ್ ಇಟ್ಟುಕೊಂಡು ಕೂರಬೇಕಾಗುತ್ತದೆ. ಕೆಳಗಿನ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ಪೇಸ್ಟ್ ಅಂಟಿದ್ದರೆ ಅದು ಸಹಜ. ಚೂಪಾದ ಚೂರು ಇದ್ದರೆ ಹಲ್ಲು ಅಥವಾ ಬೇರಿಂಗ್ ಒಡೆದಿದೆ. ಆಯಿಲ್‌ನಲ್ಲಿ ಚಿನ್ನದ ಪುಡಿಯ ಹಾಗೆ ಮಿನುಗಿದರೆ ಅದು ಸಿಂಕ್ರೊ ರಿಂಗಿನ ಹಿತ್ತಾಳೆ. ಹೊಸದಾಗಿ 80ಡಬ್ಲ್ಯೂ-90 ಗೇರ್ ಆಯಿಲ್ ಹಾಕಿ, ಡಬ್ಬಿಯ ಮೇಲೆ ದರ್ಜೆ ಜಿಎಲ್-4 ಅಂತಲೇ ಇರಬೇಕು. ಹಿಡಿಸುವುದು ಸುಮಾರು 3.5 ಲೀಟರ್, ತುಂಬುವ ತೂತಿನ ಕೆಳ ಅಂಚಿನವರೆಗೆ. ಜಿಎಲ್-5 ಇನ್ನೂ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸಿಂಕ್ರೊ ರಿಂಗ್ ಕೆಲಸ ಮಾಡುವುದು ಉಜ್ಜಿ ಹಿಡಿಯುವುದರಿಂದ. ಆಯಿಲ್ ಅತಿಯಾಗಿ ಜಾರಿದರೆ ಆ ಹಿಡಿತ ತಪ್ಪುತ್ತದೆ.

ಇಷ್ಟೆಲ್ಲ ಆದ ಮೇಲೂ ಮೂರರಿಂದ ಎರಡಕ್ಕೆ ಇಳಿಸುವಾಗ ಮಾತ್ರ ಕರಕರ ಉಳಿದರೆ ಎರಡನೇ ಗೇರಿನ ಸಿಂಕ್ರೊ ಸವೆದಿದೆ. ಭಾರದ ವ್ಯಾನ್, ಸಣ್ಣ ಎಂಜಿನ್, ಏರು ಬಂದಾಗಲೆಲ್ಲ ಎರಡಕ್ಕೇ ಇಳಿಸಬೇಕು, ಹಾಗಾಗಿ ಮೊದಲು ಸವೆಯುವುದು ಅದೇ. ಚೂರು, ಊಳಿಡುವ ಸದ್ದು ಇಲ್ಲದಿದ್ದರೆ ಅದರ ಜೊತೆ ಎಷ್ಟೋ ಕಾಲ ಓಡಿಸಬಹುದು. ನಮ್ಮ ಹಳೇ ಲಾರಿ ಡ್ರೈವರ್‌ಗಳ ಡಬಲ್ ಕ್ಲಚ್ ಕಲಿತುಕೊಳ್ಳಿ: ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒಂದು ಸಲ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಎರಡು. ವಾರದಲ್ಲಿ ಕಾಲಿಗೆ ಅಭ್ಯಾಸ ಆಗುತ್ತದೆ. ಓಡಿಸುವಾಗ ಲಿವರ್ ಮೇಲೆ ಕೈ ಇಟ್ಟುಕೊಂಡಿರಬೇಡಿ, ಆ ಭಾರಕ್ಕೆ ಒಳಗಿನ ಫೋರ್ಕ್ ಸವೆಯುತ್ತದೆ.

ಒಳಗೆ ತೆರೆಯಲೇಬೇಕಾಗಿ ಬಂದರೆ ಈ ಗೇರ್ ಬಾಕ್ಸನ್ನೇ ಮಾಡುವವರ ಹತ್ತಿರ ಕೊಡಿ. ಡಿಫರೆನ್ಷಿಯಲ್‌ನ ಕ್ರೌನ್ ವೀಲ್, ಅದನ್ನು ತಿರುಗಿಸುವ ಪಿನಿಯನ್ ಕೂರಿಸುವಾಗ ಶಿಮ್ ಅನ್ನುವ ತೆಳು ಬಿಲ್ಲೆ ಹಾಕಿ ಅಳೆದು ಹೊಂದಿಸಬೇಕು, ಅದಕ್ಕೆ ಬೇರೆಯೇ ಸಾಧನಗಳು ಬೇಕು. ಮನೆಯ ಶೆಡ್‌ನಲ್ಲಿ ಆಗುವ ಕೆಲಸ ಅಲ್ಲ.

ಸ್ಕಾಟ್ಲೆಂಡ್ ವಿಷಯ. ನಾಲ್ಕನೇ ಗೇರ್ ಹಾರುವುದು ನಿಂತಿದ್ದರೆ, ಆಯಿಲ್‌ನಲ್ಲಿ ಚೂರು ಕಾಣದಿದ್ದರೆ, ಮೊದಲು ಮನೆ ಸುತ್ತಮುತ್ತಲ ಏರಿಳಿತದಲ್ಲಿ ಒಂದು ಇಡೀ ದಿನ ಓಡಿಸಿ ನೋಡಿ. ಅದರಲ್ಲಿ ಗೆದ್ದರೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೊರಡಿ. ಬೇಕಾದ ಸ್ಪ್ಯಾನರ್ ಜೊತೆ ಒಂದು ಹೊಸ ಕ್ಲಚ್ ಕೇಬಲ್ ಸೀಟಿನ ಕೆಳಗೆ ಇರಲಿ. ಗೇರ್ ಇನ್ನೂ ಹಾರುತ್ತಿದ್ದರೆ ಮಾತ್ರ ಈ ಸಲ ರೈಲಿನಲ್ಲಿ ಹೋಗಿ. ಆ ಕಡೆಯ ಇಳಿಜಾರುಗಳಲ್ಲಿ ಎಂಜಿನ್ನಿನ ಹಿಡಿತ ತಪ್ಪಿ ಬರೀ ಬ್ರೇಕ್ ಮೇಲೆ ಇಳಿಯುವ ಪರಿಸ್ಥಿತಿ ಬರಬಾರದು.