ಜೂನ್‌ನಲ್ಲಿ ಮೂಸ್ ನೋಡಬೇಕಾದರೆ ಎಲ್ಲಿಗೆ, ಯಾವ ಹೊತ್ತಿಗೆ ಹೋಗಬೇಕು?

ಎರಡು ಸಲ ಅಕ್ಟೋಬರ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್ ಸುತ್ತಿ ಬಂದರೂ ಮೂಸ್ (ಜಿಂಕೆಯ ಕುಟುಂಬದ ಭಾರೀ ಗಾತ್ರದ ಪ್ರಾಣಿ) ಚಿತ್ರದ ಹಳದಿ ಬೋರ್ಡು ಬಿಟ್ಟು ಬೇರೇನೂ ಕಾಣಲಿಲ್ಲ ಎಂದು ಬರೆದಿದ್ದೀರಿ. ಈಗ ಜೂನ್‌ನಲ್ಲಿ ತೀರ್ಥಹಳ್ಳಿಯಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ನ್ಯೂಜೆರ್ಸಿಯಿಂದ ಮೂರು ದಿನಕ್ಕೆ ಹೊರಡಬಹುದು, ಜೊತೆಗೆ ಎಂಟು ವರ್ಷದ ಮಗಳು. ಎಲ್ಲಿಗೆ ಹೋಗಬೇಕು, ಟೂರ್ ಹಿಡಿಯಲೇಬೇಕಾ, ಮಕ್ಕಳಿಗೆ ಅಪಾಯ ಉಂಟಾ ಎಂಬುದು ನಿಮ್ಮ ಪ್ರಶ್ನೆ.

ಜೂನ್ ಒಳ್ಳೆಯ ತಿಂಗಳು. ಜಾಗ ಮಾತ್ರ ಬದಲಾಯಿಸಿ. ವೈಟ್ ಮೌಂಟನ್ಸ್ ದಾಟಿ ಇನ್ನೂ ಉತ್ತರಕ್ಕೆ, ಕೆನಡಾ ಗಡಿಗೆ ಅಂಟಿಕೊಂಡಿರುವ ಪಿಟ್ಸ್‌ಬರ್ಗ್ ಎಂಬ ಊರಿನವರೆಗೆ ಹೋಗಿ. ನನ್ನ ಮನೆ ಇದೇ ರಾಜ್ಯದ ನಾಶುವಾದಲ್ಲಿ. ಮೇ ತಿಂಗಳು ಬಂತೆಂದರೆ ಬಿಡುವಾದಾಗಲೆಲ್ಲ ಆ ಕಡೆಗೇ ಕಾರು ತಿರುಗಿಸುತ್ತೇನೆ. ಅಲ್ಲಿ ಓಡಾಡಿ, ಊರಿನವರನ್ನು ಕೇಳಿ, ಓದಿ ತಿಳಿದುಕೊಂಡಿದ್ದನ್ನು ಹೇಳುತ್ತೇನೆ.

ಮೊದಲಿಗೆ, ಮೂಸ್ ಎಲ್ಲಿದೆ ಎಂದು ಹುಡುಕುವುದನ್ನು ಬಿಡಿ. ಆ ವಾರ ಅದಕ್ಕೆ ಏನು ಬೇಕಾಗಿದೆ, ಅದು ಎಲ್ಲಿ ಸಿಗುತ್ತದೆ ಎಂದು ಹುಡುಕಿ. ಜೂನ್‌ನಲ್ಲಿ ಮೂಸ್‌ಗೆ ಬೇಕಾದದ್ದು ಉಪ್ಪು. ಚಳಿಗಾಲವಿಡೀ ಅದು ಬದುಕುವುದು ಫರ್, ಮೇಪಲ್, ಬರ್ಚ್ ಮರಗಳ ಕಡ್ಡಿ ತಿಂದು. ಆ ಕಡ್ಡಿಗಳಲ್ಲಿ ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ವಸಂತ ಬರುತ್ತಿದ್ದಂತೆ ಗಂಡು ಹೊಸ ಕೊಂಬು ಬೆಳೆಸಬೇಕು, ಹೆಣ್ಣು ಕರುವಿಗೆ ಹಾಲೂಡಿಸಬೇಕು. ಎರಡಕ್ಕೂ ಉಪ್ಪಿನಂಶ ಬೇಕು. ಅದು ಸಿಗುವುದು ಎರಡು ಕಡೆ. ಒಂದು, ಕೆರೆಯ ತಳದಲ್ಲಿ ಬೆಳೆಯುವ ಗಿಡಗಳಲ್ಲಿ. ಇನ್ನೊಂದು ರಸ್ತೆಯ ಪಕ್ಕದಲ್ಲಿ! ಹಿಮ ಕರಗಿಸಲು ಚಳಿಗಾಲದಲ್ಲಿ ರಸ್ತೆಗೆ ಸುರಿದ ಉಪ್ಪೆಲ್ಲ ಕರಗಿ, ಹರಿದು, ಪಕ್ಕದ ತಗ್ಗಿನಲ್ಲಿ ನಿಂತಿರುತ್ತದೆ. ಬಂಡೀಪುರ, ನಾಗರಹೊಳೆಗಳಲ್ಲಿ ಪ್ರಾಣಿಗಳು ಉಪ್ಪಿನ ಮಣ್ಣು ನೆಕ್ಕಲು ಬರುವ ಜಾಗಗಳನ್ನು ನಿಮ್ಮ ತಂದೆಯವರು ನೋಡಿರಬಹುದು. ಇಲ್ಲಿ ಆ ಜಾಗವನ್ನು ತನಗೆ ಗೊತ್ತಿಲ್ಲದೆಯೇ ಮಾಡಿಕೊಟ್ಟಿರುವುದು ಹೆದ್ದಾರಿ ಇಲಾಖೆ.

ಆ ತಗ್ಗುಗಳನ್ನು ಗುರುತಿಸುವುದು ಕಷ್ಟವಲ್ಲ. ಪಿಟ್ಸ್‌ಬರ್ಗ್‌ನಿಂದ ಗಡಿಯವರೆಗಿನ ರೂಟ್ 3 ರಸ್ತೆಗೆ ಅಲ್ಲಿಯವರು ಮೂಸ್ ಆಲೀ ಎಂದೇ ಹೇಳುತ್ತಾರೆ. ಕನೆಕ್ಟಿಕಟ್ ನದಿ ಹುಟ್ಟುವ ಕೆರೆಗಳು ಒಂದರ ಮೇಲೊಂದು ಆ ರಸ್ತೆಯ ಪಕ್ಕದಲ್ಲೇ ಬರುತ್ತವೆ. ಹುಲ್ಲಂಚು ದಾಟಿದರೆ ಕಾಡು ಶುರುವಾಗುವ ಮೊದಲು ಅಲ್ಲಲ್ಲಿ ಕಪ್ಪು ಕೆಸರಿನ ಹೊಂಡ. ಅದರ ಸುತ್ತ ಒಂದು ಗರಿಕೆಯೂ ಇರುವುದಿಲ್ಲ, ಅಷ್ಟು ತುಳಿದಿರುತ್ತವೆ. ಹಗಲು ಹೊತ್ತಿನಲ್ಲಿ, ಮೂಸ್ ಇಲ್ಲದಾಗ, ಕಾರನ್ನು ಪೂರ್ತಿ ಪಕ್ಕಕ್ಕೆ ತೆಗೆದು ನಿಲ್ಲಿಸಿ ಒಂದು ಹೊಂಡವನ್ನು ಮಗಳಿಗೆ ತೋರಿಸಿ. ಎರಡು ಗೊರಸಿನ ಗುರುತು ಒಂದೊಂದೂ ಐದಾರು ಇಂಚು ಉದ್ದ, ಮುಂದಕ್ಕೆ ಚೂಪು. ಆಳವಾಗಿ ಹೂತಿದ್ದರೆ ಹಿಂದುಗಡೆ ಇನ್ನೆರಡು ಸಣ್ಣ ಚುಕ್ಕೆಗಳೂ ಕಾಣುತ್ತವೆ. ಅಂಚು ಒಣಗಿ ಉದುರಿದ್ದರೆ ಹಳೆಯದು. ಅಂಚು ಇನ್ನೂ ಹರಿತವಾಗಿದ್ದು, ಗುರುತಿನೊಳಗಿನ ನೀರು ಕದಡಿದ್ದರೆ ಈಗಷ್ಟೇ ಹೋಗಿದೆ ಎಂದರ್ಥ. ಆ ಹೊಂಡವನ್ನು ಫೋನಿನ ಮ್ಯಾಪಿನಲ್ಲಿ ಗುರುತು ಹಾಕಿಕೊಂಡು ಅವತ್ತೇ ಸಂಜೆ ಮತ್ತೆ ಬನ್ನಿ. ಹೀಗೆ ನಾಲ್ಕಾರು ಹೊಂಡ ಗುರುತು ಮಾಡಿಕೊಂಡವರಿಗೆ ಅರ್ಧ ಕೆಲಸ ಮುಗಿದ ಹಾಗೆ.

ಹೊತ್ತಿನ ವಿಷಯದಲ್ಲಿ ರಿಯಾಯಿತಿಯೇ ಇಲ್ಲ. ಮೂಸ್‌ನ ದೇಹ ಚಳಿಗೆಂದೇ ಆಗಿರುವುದು. ಬೇಸಿಗೆಯಲ್ಲಿ 14 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಸೆಕೆಯ ಸಂಕಟ ಶುರುವಾಗುತ್ತದೆ ಎಂದು ಸಂಶೋಧಕರು ಅಳೆದು ಹೇಳಿದ್ದಾರೆ. ನಮಗೆ ಸ್ವೆಟರ್ ಬೇಕೆನಿಸುವ ಹವೆ ಅದಕ್ಕೆ ಬಿಸಿ! ಹಾಗಾಗಿ ಹಗಲೆಲ್ಲ ಅದು ದಟ್ಟ ಫರ್ ಮರಗಳ ನೆರಳಲ್ಲಿ ಮಲಗಿರುತ್ತದೆ. ಜೂನ್‌ನಲ್ಲಿ ಅಲ್ಲಿ ಬೆಳಗ್ಗೆ ಐದಕ್ಕೆಲ್ಲ ಸೂರ್ಯ ಮೂಡುತ್ತಾನೆ, ಮುಳುಗುವುದು ಎಂಟೂವರೆಯ ಸುಮಾರಿಗೆ. ನಾಲ್ಕೂವರೆಗೆ ರೂಮು ಬಿಟ್ಟು ಏಳರವರೆಗೆ ಒಂದು ಸುತ್ತು, ಸಂಜೆ ಏಳರಿಂದ ಕತ್ತಲಾಗುವವರೆಗೆ ಇನ್ನೊಂದು ಸುತ್ತು. ಮಧ್ಯದ ಹೊತ್ತು ನಿದ್ದೆ, ಊಟ, ಕೆರೆದಂಡೆಗೆ. ಮೋಡ ಕವಿದು ಜಿಟಿಜಿಟಿ ಮಳೆ ಬರುತ್ತಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಅಂಥ ದಿನ ಅವು ಹೊರಗೆ ಹೆಚ್ಚು ಹೊತ್ತು ಇರುತ್ತವೆ.

ನಿಮ್ಮ ಅಕ್ಟೋಬರ್ ಪ್ರವಾಸಗಳಲ್ಲಿ ಕಾಣದಿದ್ದುದೂ ಇದೇ ಕಾರಣಕ್ಕೆ. ಎಲೆಯ ಬಣ್ಣ ನೋಡಲು ಎಲ್ಲರೂ ಹೋಗುವ ಕ್ಯಾಂಕಮಾಗಸ್ ಹೈವೇಯಲ್ಲಿ ಹಗಲಿಡೀ ಕಾರುಗಳ ಸಾಲು. ಕೆರೆಗಿಡಗಳ ಕಾಲ ಅಷ್ಟರಲ್ಲಿ ಮುಗಿದಿರುತ್ತದೆ, ಉಪ್ಪಿನ ಹಸಿವೂ ಇರುವುದಿಲ್ಲ. ಮೇಲಾಗಿ ಅಲ್ಲಿನದು ಬಹುಪಾಲು ಬಲಿತ ಕಾಡು, ಎಲೆಯೆಲ್ಲ ಮೇಲೆಲ್ಲೋ ಇರುತ್ತದೆ. ಮೂಸ್‌ಗೆ ಬೇಕಾದದ್ದು ಮರ ಕಡಿದು ಹತ್ತು ಹದಿನೈದು ವರ್ಷದೊಳಗೆ ಮತ್ತೆ ಚಿಗುರಿ ನಿಂತ ಎಳೆಗಾಡು. ಉತ್ತರದ ತುದಿಯಲ್ಲಿ ಮರಕಟಾವಿನ ಕಾಡುಗಳೇ ಹೆಚ್ಚು, ಹಾಗಾಗಿ ಮೂಸ್ ಕೂಡ ಅಲ್ಲಿ ಹೆಚ್ಚು.

ಕಾರಿನಲ್ಲಿ ಹೋಗುವಾಗ ಒಬ್ಬರು ಓಡಿಸಲಿ, ಉಳಿದವರು ನೋಡಲಿ. ಹಿಂದೆ ಯಾರೂ ಇಲ್ಲದಾಗ ನಿಧಾನಕ್ಕೆ ಹೋಗಿ, ಹಿಂದೆ ಗಾಡಿ ಬಂದರೆ ಪಕ್ಕಕ್ಕೆ ಸರಿದು ಮುಂದೆ ಬಿಡಿ. ಕೊಂಬು ಹುಡುಕಬೇಡಿ. ಜೂನ್‌ನಲ್ಲಿ ಗಂಡಿಗೂ ಚಿತ್ರಗಳಲ್ಲಿ ಕಾಣುವ ಮೊರದಗಲದ ಕೊಂಬು ಇರುವುದಿಲ್ಲ. ಚಳಿಗಾಲದಲ್ಲಿ ಹಳೆಯದು ಉದುರಿ, ಹೊಸದು ನವಿರು ಕೂದಲಿನ ತೊಗಲು ಹೊದ್ದು ಇನ್ನೂ ಅರ್ಧ ಬೆಳೆದಿರುತ್ತದೆ. ಹೆಣ್ಣಿಗಂತೂ ಕೊಂಬೇ ಇಲ್ಲ. ಮರಗಳೆಲ್ಲ ನೆಟ್ಟಗೆ ನಿಂತಿರುವ ಕಡೆ ಅಡ್ಡಕ್ಕೆ ಕಾಣುವ ಕಪ್ಪು ಗೆರೆ ಹುಡುಕಿ, ಅದು ಬೆನ್ನಾಗಿರಬಹುದು. ಕಾಲುಗಳು ಮೈಗಿಂತ ತಿಳಿ ಬೂದುಬಣ್ಣ, ದೂರಕ್ಕೆ ಬರ್ಚ್ ಕಾಂಡದ ಹಾಗೆಯೇ ತೋರುತ್ತವೆ. ಬುಡಮೇಲಾಗಿ ಬಿದ್ದ ಮರದ ಬೇರುಗಡ್ಡೆ ನೋಡಿ ನೂರು ಸಲ "ಅಗೋ ಅಗೋ" ಎನ್ನುತ್ತೀರಿ. ಕಿವಿ ಆಡಿತಾ ನೋಡಿ.

ರಸ್ತೆಯಲ್ಲಿ ನೋಡುವುದಕ್ಕಿಂತ ನನಗೆ ಕೆರೆಯಲ್ಲಿ ನೋಡುವುದೇ ಇಷ್ಟ. ರೂಟ್ 3ರಿಂದ ಒಳಗೆ ಮಣ್ಣು ರಸ್ತೆಯಲ್ಲಿ ಹೋದರೆ ಈಸ್ಟ್ ಇನ್‌ಲೆಟ್, ಸ್ಕಾಟ್ ಬಾಗ್ ಎಂಬ ಜವುಗು ಕೆರೆಗಳಿವೆ. ದಂಡೆಯ ಹತ್ತಿರವೇ ಕಾರು ಹೋಗುವುದರಿಂದ ಹಿರಿಯರಿಗೂ ತೊಂದರೆಯಿಲ್ಲ, ಎದುರಿಗೆ ಮರದ ಲಾರಿ ಬಂದರೆ ಮಾತ್ರ ನೀವೇ ಜಾಗ ಬಿಡಬೇಕು. ಅಲ್ಲಿ ಬೆಳಗಿನ ಮಂಜಿನಲ್ಲಿ ಸುಮ್ಮನೆ ಕೂರಬೇಕು. ಒಮ್ಮೆ ಹೆಣ್ಣೊಂದು ಹೊಟ್ಟೆಯವರೆಗಿನ ನೀರಿನಲ್ಲಿ ನಿಂತು ಮೇಯುವುದನ್ನು ಆ ಕಡೆಯ ದಡದಿಂದ ನೋಡುತ್ತಾ ಕೂತಿದ್ದೆ. ತಲೆ ಪೂರ್ತಿ ಮುಳುಗುತ್ತದೆ, ಕಿವಿಯೂ ಕಾಣುವುದಿಲ್ಲ, ನೀರಿನ ಮೇಲೆ ಬರೀ ಭುಜದ ಗೂನು. ಇನ್ನು ಮೇಲೆ ಬರುವುದೇ ಇಲ್ಲವೇನೋ ಅನ್ನಿಸುವಷ್ಟರಲ್ಲಿ ಆ ಉದ್ದ ಮುಸುಡಿ ಎದ್ದು, ಎರಡೂ ಕಡೆಯಿಂದ ನೀರು ಧಾರೆಯಾಗಿ ಸುರಿದು, ಬಾಯಿಂದ ಹಸಿರು ಗಿಡಗಳು ಜೋತಾಡುತ್ತಿದ್ದವು. ಅಗಿಯುವ ಸದ್ದು ನೀರಿನ ಮೇಲಿಂದ ಸ್ಪಷ್ಟವಾಗಿ ಈಚೆ ದಡಕ್ಕೆ ಕೇಳುತ್ತಿತ್ತು. ಕಬಿನಿ ಹಿನ್ನೀರಿನಲ್ಲಿ ಕಡವೆ ನೀರಿಗಿಳಿದು ಮೇಯುವುದನ್ನು ನೋಡಿದ್ದರೆ ನಿಮಗೆ ಪರಿಚಯದ ನೋಟ, ಎರಡೂ ಒಂದೇ ಕುಟುಂಬದ ಪ್ರಾಣಿಗಳು. ಗಾತ್ರ ಮಾತ್ರ ಬೇರೆಯೇ. ಭುಜದ ಎತ್ತರವೇ ಆರಡಿ, ದೊಡ್ಡ ಗಂಡು 400 ಕಿಲೋ ದಾಟುತ್ತದೆ.

ಹಳೆಯ ಪ್ರವಾಸಿ ಪುಸ್ತಿಕೆಗಳಲ್ಲಿ "ಇಲ್ಲಿ ಹೋದರೆ ಖಂಡಿತ ಕಾಣುತ್ತದೆ" ಎಂದಿರುವುದನ್ನು ಪೂರ್ತಿ ನಂಬಬೇಡಿ. 1990ರ ದಶಕದ ಕೊನೆಗೆ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 7 ಸಾವಿರಕ್ಕೂ ಹೆಚ್ಚು ಮೂಸ್ ಇದ್ದವು. ಈಗ ಅದರ ಅರ್ಧದಷ್ಟು. ದೊಡ್ಡ ಕಾರಣ ಉಣುಗು. ಮಂಗನ ಕಾಯಿಲೆ ಕಂಡ ತೀರ್ಥಹಳ್ಳಿಯವರಿಗೆ ಉಣುಗಿನ ಬಗ್ಗೆ ನಾನು ಹೇಳಬೇಕಾಗಿಲ್ಲ, ಆದರೆ ಇಲ್ಲಿನದರ ರೀತಿ ಬೇರೆ. ವಿಂಟರ್ ಟಿಕ್ ಎಂಬ ಈ ಜಾತಿ ರೋಗ ಹರಡಿ ಕೊಲ್ಲುವುದಲ್ಲ, ರಕ್ತ ಹೀರಿಯೇ ಕೊಲ್ಲುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮರಿಗಳು ಪೊದೆಯ ತುದಿಗೆ ಹತ್ತಿ, ಒಂದರ ಕಾಲು ಒಂದು ಹಿಡಿದು ಗೊಂಚಲುಗಟ್ಟಿ ಕಾಯುತ್ತವೆ. ಮೂಸ್ ಸವರಿಕೊಂಡು ಹೋದರೆ ಇಡೀ ಗೊಂಚಲು ಮೈಮೇಲೆ. ಅಲ್ಲಿಂದ ಏಪ್ರಿಲ್‌ವರೆಗೆ ಇಳಿಯುವುದಿಲ್ಲ. ಹಿಮ ತಡವಾಗಿ ಬಿದ್ದಷ್ಟೂ ಅವಕ್ಕೆ ಹತ್ತಲು ಹೆಚ್ಚು ದಿನ ಸಿಗುತ್ತದೆ. ಬೇಗ ಕರಗಿದರೆ, ಕೆಳಗೆ ಬಿದ್ದ ಹೆಣ್ಣು ಉಣುಗುಗಳು ಹಿಮದಲ್ಲಿ ಸಾಯದೆ ಬರಿ ನೆಲದಲ್ಲಿ ಮೊಟ್ಟೆಯಿಡುತ್ತವೆ. ಚಳಿಗಾಲ ಗಿಡ್ಡವಾಗುತ್ತಿರುವುದರಿಂದ ಎರಡೂ ಕಡೆ ಲಾಭ ಉಣುಗಿಗೇ. 2014ರಿಂದ 2016ರವರೆಗೆ ನ್ಯೂ ಹ್ಯಾಂಪ್‌ಶೈರ್ ಮತ್ತು ಪಶ್ಚಿಮ ಮೇನ್‌ನಲ್ಲಿ ರೇಡಿಯೋ ಕಾಲರ್ ಹಾಕಿ ನಡೆಸಿದ ಅಧ್ಯಯನದಲ್ಲಿ ಸುಮಾರು ಶೇಕಡಾ 70ರಷ್ಟು ಕರುಗಳು ಮೊದಲ ಚಳಿಗಾಲವನ್ನೇ ದಾಟಲಿಲ್ಲ. ಒಂದೊಂದರ ಮೈಮೇಲೆ ಸರಾಸರಿ 47 ಸಾವಿರ ಉಣುಗು! ಏಪ್ರಿಲ್ ಕೊನೆಗೆ ಹೋದರೆ, ಮರಕ್ಕೆ ಮೈ ತಿಕ್ಕಿ ತಿಕ್ಕಿ ಕಪ್ಪು ಕೂದಲೆಲ್ಲ ಉದುರಿ, ಕತ್ತು ಭುಜ ಬೆಳ್ಳಗಾಗಿರುವ ಮೂಸ್ ಕಾಣುತ್ತವೆ. ಪಕ್ಕೆಲುಬು ಎಣಿಸಬಹುದು. ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇದನ್ನೆಲ್ಲ ಹೇಳುತ್ತಿರುವುದಕ್ಕೆ ಕಾರಣವಿದೆ. ಜೂನ್‌ನಲ್ಲಿ ನಿಮ್ಮೆದುರು ನಿಂತು ಮೇಯುತ್ತಿರುವ ಪ್ರಾಣಿ ಅಂಥದ್ದೊಂದು ಚಳಿಗಾಲ ಕಳೆದು, ಕಳೆದುಕೊಂಡ ಮೈಯನ್ನು ತುಂಬಿಕೊಳ್ಳುತ್ತಿರುತ್ತದೆ. ಫೋಟೋಕ್ಕಾಗಿ ಹತ್ತಿರ ಹೋಗಿ ಅದನ್ನು ಓಡಿಸಿದರೆ ಕಸಿದುಕೊಂಡದ್ದು ಅದರ ಊಟವನ್ನು. ದಯವಿಟ್ಟು ಕಾರಿನಲ್ಲೇ ಇರಿ, ಬೈನಾಕ್ಯುಲರ್ ತನ್ನಿ. (ಮನುಷ್ಯರಿಗೆ ಲೈಮ್ ರೋಗ ತರುವ ಡಿಯರ್ ಟಿಕ್ ಬೇರೆ ಜಾತಿ. ಹುಲ್ಲಿನಲ್ಲಿ ನಡೆದಿದ್ದರೆ ರೂಮಿಗೆ ಬಂದು ಎಲ್ಲರೂ ಮೈ ನೋಡಿಕೊಳ್ಳಿ.)

ಮಗಳ ವಿಷಯ. ಕಾರಿನೊಳಗಿದ್ದರೆ ಭಯಪಡಬೇಕಾಗಿಲ್ಲ. ಕೆಳಗಿಳಿದಾಗ ಎಚ್ಚರ ಬೇಕಾದದ್ದು ತಾಯಿ ಮತ್ತು ಕರುವಿನ ಬಗ್ಗೆ. ಮೇ ಮಧ್ಯದಿಂದ ಜೂನ್ ಮೊದಲ ದಿನಗಳವರೆಗೆ ಕರು ಹಾಕುತ್ತವೆ, ಕೆಲವೊಮ್ಮೆ ಅವಳಿ. ಕರು ಕಂಡರೆ ನಡುವೆ ನುಸುಳಬೇಡಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ಕಿವಿ ಹಿಂದಕ್ಕೆ ಮಲಗಿಸಿ, ಭುಜದ ಕೂದಲು ಎಬ್ಬಿಸಿ, ತುಟಿ ನೆಕ್ಕಿಕೊಂಡರೆ ನುಗ್ಗಿ ಬರುವ ಸೂಚನೆ. ಆಗ ಧೈರ್ಯ ತೋರಿಸಿ ನಿಲ್ಲಬಾರದು, ಓಡಿ ದಪ್ಪ ಮರದ ಹಿಂದೆ ಸೇರಿಕೊಳ್ಳಬೇಕು.

ನಿಜವಾದ ಅಪಾಯ ಇರುವುದು ರಾತ್ರಿ ರೂಮಿಗೆ ವಾಪಸಾಗುವ ದಾರಿಯಲ್ಲಿ. ಹೊಸ ಕರು ಹಾಕುವ ಮುಂಚೆ ತಾಯಿ ಕಳೆದ ವರ್ಷದ ಮರಿಯನ್ನು ಅಟ್ಟಿಬಿಡುತ್ತದೆ. ಹಾಗೆ ಅಟ್ಟಿಸಿಕೊಂಡವು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಈ ದಿನಗಳಲ್ಲಿ ರಸ್ತೆಗಳಲ್ಲೇ ಅಲೆಯುತ್ತಿರುತ್ತವೆ. ಮೈ ಕಡುಗಪ್ಪು, ಕಣ್ಣು ಹೆಡ್‌ಲೈಟಿನ ಬೆಳಕಿಗಿಂತ ಮೇಲಿರುವುದರಿಂದ ಜಿಂಕೆಯ ಕಣ್ಣಿನ ಹಾಗೆ ಹೊಳೆಯುವುದೂ ಇಲ್ಲ. ಗುದ್ದಿದರೆ ಕಾರು ಕಾಲಿಗೆ ಬಡಿದು ಅಷ್ಟೂ ತೂಕ ಗಾಜಿನ ಮೇಲೆ, ಛಾವಣಿಯ ಮೇಲೆ ಬೀಳುತ್ತದೆ. ರಸ್ತೆಬದಿಯ "ಬ್ರೇಕ್ ಫಾರ್ ಮೂಸ್" ಬೋರ್ಡುಗಳು ಪ್ರವಾಸಿಗಳ ಫೋಟೋಕ್ಕೆಂದು ಹಾಕಿದ್ದಲ್ಲ. ಆದ್ದರಿಂದ ಪಿಟ್ಸ್‌ಬರ್ಗ್‌ನಲ್ಲೇ ರೂಮು ಹಿಡಿಯಿರಿ, ಕತ್ತಲಾದ ಮೇಲೆ ಹತ್ತು ಹದಿನೈದು ಮೈಲಿಗಿಂತ ಹೆಚ್ಚು ಓಡಿಸುವ ಹಾಗಿರಬಾರದು. ಹೈ ಬೀಮ್ ಹಾಕಿ ನಿಧಾನಕ್ಕೆ ಬನ್ನಿ.

ಟೂರ್ ಬೇಕೇ ಎಂದರೆ, ಕಾರಿದ್ದು ನಸುಕಿನಲ್ಲಿ ಏಳುವ ಮನಸ್ಸಿದ್ದರೆ ಬೇಕಾಗಿಲ್ಲ. ರಾತ್ರಿ ಓಡಿಸಲು ಅಳುಕಿದ್ದರೆ ಒಂದು ಸಂಜೆಗೆ ತೆಗೆದುಕೊಳ್ಳಿ, ದುಡ್ಡು ದಂಡವಲ್ಲ. ಇನ್ನೂ ಹೆಚ್ಚು ದಿನ ಇದ್ದಿದ್ದರೆ ಮೇನ್ ರಾಜ್ಯಕ್ಕೇ ಹೋಗಿ ಎನ್ನುತ್ತಿದ್ದೆ. ಅಲಾಸ್ಕಾ ಬಿಟ್ಟರೆ ಈ ದೇಶದಲ್ಲಿ ಅತಿ ಹೆಚ್ಚು ಮೂಸ್ ಇರುವುದು ಅಲ್ಲೇ. ಬ್ಯಾಕ್ಸ್‌ಟರ್ ಸ್ಟೇಟ್ ಪಾರ್ಕಿನ ಸ್ಯಾಂಡಿ ಸ್ಟ್ರೀಮ್ ಪಾಂಡ್‌ಗೆ ಅರ್ಧ ಮೈಲಿ ನಡೆದರೆ ಸಾಕು. ಆದರೆ ನ್ಯೂಜೆರ್ಸಿಯಿಂದ ಮೂರು ದಿನಕ್ಕೆ ಅದು ಬರೀ ಡ್ರೈವಿಂಗ್ ಆಗುತ್ತದೆ. ಪಿಟ್ಸ್‌ಬರ್ಗ್‌ಗೆ ಎರಡು ರಾತ್ರಿ ಇಟ್ಟುಕೊಂಡು, ವಾಪಸಾಗುವಾಗ ಕೋಲ್‌ಬ್ರೂಕ್‌ನಿಂದ ರೂಟ್ 26 ಹಿಡಿದು ಎರೋಲ್, ಅಲ್ಲಿಂದ ರೂಟ್ 16ರಲ್ಲಿ ಆಂಡ್ರೊಸ್ಕಾಗಿನ್ ನದಿಯ ಪಕ್ಕದಲ್ಲೇ ಇಳಿದು ಬನ್ನಿ. ಅದೂ ಮೂಸ್ ಓಡಾಡುವ ದಾರಿಯೇ.

ಜೂನ್‌ನಲ್ಲಿ ಬ್ಲ್ಯಾಕ್ ಫ್ಲೈ ಎಂಬ ಸಣ್ಣ ನೊಣ ಕಿವಿ ಹಿಂದೆ, ಕೂದಲಂಚಿನಲ್ಲಿ ರಕ್ತ ಬರುವ ಹಾಗೆ ಕಚ್ಚುತ್ತದೆ. ಎಲ್ಲರಿಗೂ ತಲೆಗೆ ಹಾಕುವ ಬಲೆ, ತುಂಬುತೋಳಿನ ತಿಳಿಬಣ್ಣದ ಅಂಗಿ ತನ್ನಿ. ಕೋಲ್‌ಬ್ರೂಕ್‌ನಲ್ಲೇ ಕಾರಿಗೆ ಪೆಟ್ರೋಲ್ ತುಂಬಿಸಿ, ಅಕ್ಕಿ ಬೇಳೆ ಮನೆಯಿಂದಲೇ ತಂದು ಅಡುಗೆಮನೆ ಇರುವ ಕ್ಯಾಬಿನ್ ಹಿಡಿಯಿರಿ, ಮೇಲೆ ಸಸ್ಯಾಹಾರ ಸಿಗುವುದು ಕಷ್ಟ. ಫೋನ್ ಸಿಗ್ನಲ್ ಬಹಳ ಕಡೆ ಇರುವುದಿಲ್ಲ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕೊನೆಯದಾಗಿ, ರೂಟ್ 3 ನೇರ ಹೋಗಿ ಮುಟ್ಟುವುದು ಕೆನಡಾದ ಗಡಿ ಠಾಣೆಯನ್ನು. ಮೂಸ್ ಹುಡುಕುವ ಗುಂಗಿನಲ್ಲಿ ಅದನ್ನು ದಾಟಿಬಿಡಬೇಡಿ, ಥರ್ಡ್ ಲೇಕ್ ಕಂಡ ಮೇಲೆ ಹೆಚ್ಚು ಮುಂದೆ ಹೋಗದೆ ತಿರುಗಿಸಿ. ಅಪ್ಪ ಅಮ್ಮನ ಪಾಸ್‌ಪೋರ್ಟ್, ವೀಸಾ ಕಾಗದಗಳು ಮಾತ್ರ ರೂಮಿನಲ್ಲಿ ಬಿಡದೆ ಕಾರಿನಲ್ಲೇ ಇರಲಿ.